ಎಲ್‌ಎಂಜಿ ಮುಂದೆ ನಿಂತಾಗ ಏನು ನೋಡ್ಬೇಕು: ಮ್ಯಾಗಜೀನು, ನಳಿಗೆ, ಮತ್ತೆ ಬಿಸಿ

ನಮ್ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೋವಿ ಅಂದ್ರೆ ಹೊಸ ವಿಷಯ ಏನಲ್ಲ. ತೋಟಕ್ಕೆ ಹಂದಿ ಬರುತ್ತೆ ಅಂತ ಬೆಳೆ ರಕ್ಷಣೆ ಲೈಸೆನ್ಸ್ ಮೇಲೆ ಒಂಟಿ ನಳಿಗೆದೋ ಜೋಡಿ ನಳಿಗೆದೋ ಒಂದು ಒಳಕೋಣೇಲಿ ಇರುತ್ತೆ, ಎಲೆಕ್ಷನ್ ಬಂತು ಅಂದ್ರೆ ಅದನ್ನ ಹೊತ್ಕೊಂಡ್ ಹೋಗಿ ಠಾಣೇಲಿ ಡೆಪಾಸಿಟ್ ಮಾಡಿ ರಸೀದಿ ತಗೊಂಡ್ ಬರೋದು, ಮುಗಿದ್ಮೇಲೆ ಮತ್ತೆ ಹೋಗಿ ತರೋದು, ಅಷ್ಟೇ ಅದರ ಓಡಾಟ. ಹಂಗಾಗಿ ಕೋವಿ ಬಗ್ಗೆ ಮಾತಾಡೋಕೆ ಎಲ್ಲರಿಗೂ ಬರುತ್ತೆ. ಆದ್ರೆ ಎಲ್‌ಎಂಜಿ, ಅಂದ್ರೆ ಲೈಟ್ ಮೆಷಿನ್ ಗನ್, ಮುಂದೆ ಇಟ್ರೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಇದ್ರಲ್ಲಿ ಎಷ್ಟು ಗುಂಡು ಹಿಡಿಯುತ್ತೆ?"

ನಾನೂ ಮೊದ್ಲು ಹಂಗೇ ಕೇಳ್ತಿದ್ದೆ. ಹೋದ ವರ್ಷ ಅಕ್ಕನ ಮಗನ್ನ ಒಂದು ಪ್ರದರ್ಶನಕ್ಕೆ ಕರ್ಕೊಂಡ್ ಹೋಗಿದ್ದೆ, ಹಳೇ ಸೇನಾ ಸಾಮಾನೆಲ್ಲ ಟೇಬಲ್ ಮೇಲೆ ಹಸಿರು ಬಟ್ಟೆ ಹಾಸಿ ಇಟ್ಟಿದ್ರು, ಅದ್ರಲ್ಲಿ ಒಂದು ಬ್ರೆನ್ ಗನ್ ಅನ್ನೋ ಹಳೇ ಎಲ್‌ಎಂಜಿ, ಪಕ್ಕದ ಬೋರ್ಡಲ್ಲಿ "ಸಾಮರ್ಥ್ಯ 100 ಗುಂಡು" ಅಂತ ಬರ್ದಿತ್ತು. ಹುಡುಗ ಮೊಬೈಲಲ್ಲಿ ಬಿಜಿಎಂಐ ಆಡೋನು, ಅವನಿಗೆ 100 ಅಂದ್ರೆ ಖುಷಿ, ಆದ್ರೆ ಗನ್ ಮೇಲೆ ಕೂತಿರೋ ಆ ಬಾಗಿದ ಡಬ್ಬಿ ನೋಡಿದ್ರೆ ಅದ್ರಲ್ಲಿ 100 ಹಿಡಿಯೋ ಲಕ್ಷಣವೇ ಇಲ್ಲ. "ಮಾವ, ಇದು ಹೆಂಗೆ?" ಅಂದ. ನನಗೆ ಗೊತ್ತಿರ್ಲಿಲ್ಲ. ಮನೆಗೆ ಬಂದು ದೊಡ್ಡಪ್ಪನ ಹತ್ರ ಕೇಳಿದೆ, ಅವರು ಮಿಲಿಟ್ರೀಲಿ ಎಲ್‌ಎಂಜಿ ನಂಬರ್ ಟೂ, ಅಂದ್ರೆ ಹೊಡೆಯೋನ ಪಕ್ಕದಲ್ಲಿರೋ ಸಹಾಯಕ, ಆಗಿದ್ದವರು. ಅವರು ಬೋರ್ಡ್ ವಿಷಯ ಕೇಳಿ ನಕ್ಕರು, ಆಮೇಲೆ ಹೇಳಿದ್ದು ಈ ಬರಹದ ತಿರುಳು: "ಎಷ್ಟು ಹಿಡಿಯುತ್ತೆ ಅಂತ ಕೇಳ್ಬೇಡ ಮಾರಾಯ, ಅಷ್ಟು ಹೊಡೆದ್ಮೇಲೆ ಬಿಸಿ ಎಲ್ಲಿಗ್ ಹೋಗುತ್ತೆ ಅಂತ ಕೇಳು."

ಆಮೇಲಿಂದ ನಾನು ಯಾವ ಎಲ್‌ಎಂಜಿ ನೋಡಿದ್ರೂ ಇದೇ ಲೆಕ್ಕದಲ್ಲಿ ನೋಡೋದು. ಮ್ಯೂಸಿಯಂನಲ್ಲೋ ಮೇಳದಲ್ಲೋ ಫೋಟೋದಲ್ಲೋ ಒಂದು ಎಲ್‌ಎಂಜಿ ಸಿಕ್ರೆ ಹತ್ತು ನಿಮಿಷದಲ್ಲಿ ಅದನ್ನ ಹೆಂಗೆ ಓದೋದು ಅಂತ ಹೇಳ್ತೀನಿ. ಮೊದ್ಲೇ ಹೇಳ್ಬಿಡ್ತೀನಿ, ಇದು ನೋಡೋದಕ್ಕೆ ಮಾತ್ರ. ಮೆಷಿನ್ ಗನ್ ಅನ್ನೋದು ನಮ್ಮ 1959ರ ಆರ್ಮ್ಸ್ ಆಕ್ಟ್ ಪ್ರಕಾರ ನಿಷೇಧಿತ ಆಯುಧ, ತೋಟದ ಲೈಸೆನ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಮೊದ್ಲು ಬಿಸಿ ಅರ್ಥ ಮಾಡ್ಕೊಳ್ಳಿ

ಒಂದು ತೋಟಾದಲ್ಲಿರೋ ಮದ್ದು ಉರಿದಾಗ ಬರೋ ಶಕ್ತೀಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಮಾತ್ರ ಗುಂಡಿಗೆ ಹೋಗೋದು, ಉಳಿದಿದ್ದು ಹೊಗೆ ಜೊತೆ ಆಚೆ ಹೋಗುತ್ತೆ, ಒಂದಷ್ಟು ನಳಿಗೆಯ ಕಬ್ಬಿಣಕ್ಕೇ ಇಳಿಯುತ್ತೆ. ಜೋಡಿ ನಳಿಗೆ ಕೋವೀಲಿ ಎರಡು ಈಡು ಹೊಡೆದು ಆಮೇಲೆ ಹಂದಿ ಎಲ್ಲೋಯ್ತು ಅಂತ ಅರ್ಧ ಗಂಟೆ ಟಾರ್ಚ್ ಹಾಕ್ಕೊಂಡ್ ಹುಡುಕ್ತೀವಲ್ಲ, ಅಲ್ಲಿ ಇದು ಲೆಕ್ಕಕ್ಕೇ ಬರಲ್ಲ. ಬ್ರೆನ್ ಗನ್ ನಿಮಿಷಕ್ಕೆ ಸುಮಾರು 500ರ ವೇಗದಲ್ಲಿ ಹೊಡೆಯುತ್ತೆ, ಅಂದ್ರೆ ಸೆಕೆಂಡಿಗೆ ಎಂಟು, ಪ್ರತಿಯೊಂದೂ ಒಂದಿಷ್ಟು ಬಿಸಿ ಬಿಟ್ಟು ಹೋಗುತ್ತೆ, ಗಾಳಿಗೆ ಆರೋಕೆ ಟೈಮೇ ಸಿಗಲ್ಲ. ವೀಡ್ ಕಟ್ಟರ್ ಎರಡು ಗಂಟೆ ಓಡಿಸಿ ಆಫ್ ಮಾಡಿದ ತಕ್ಷಣ ಅದರ ಸೈಲೆನ್ಸರ್ ಮುಟ್ಟಿದ್ರೆ ಗೊತ್ತಾಗುತ್ತೆ ನೋಡಿ, ನನ್ನ ಎಡಗೈ ಮಣಿಕಟ್ಟಿನ ಹತ್ರ ಇನ್ನೂ ಕಲೆ ಇದೆ, ಎಲ್‌ಎಂಜಿ ನಳಿಗೆ ಅದಕ್ಕಿಂತ ಎಷ್ಟೋ ಜಾಸ್ತಿ, ಅದೂ ಎರಡು ಗಂಟೇಲಲ್ಲ, ಎರಡು ನಿಮಿಷದಲ್ಲಿ.

ಬಿಸಿಯಾದ್ರೆ ಏನಾಗುತ್ತೆ? ಮೊದಲನೇದು, ನಳಿಗೆ ಒಳಗಿನ ಗೀರು, ಗುಂಡನ್ನ ತಿರುಗಿಸೋ ಆ ಸುರುಳಿ ಗೀರು, ಬೇಗ ಸವೆಯುತ್ತೆ, ಅದ್ರಲ್ಲೂ ತೋಟಾ ಕೂರೋ ಕಡೆ ಹತ್ರದ ಗಂಟಲು. ಎರಡನೇದು, ಬಿಸಿ ಗಾಳಿ ನಳಿಗೆ ಮೇಲಿಂದ ಏಳೋದ್ರಿಂದ ಗುರಿ ಕುಣಿಯುತ್ತೆ, ಬೇಸಿಗೇಲಿ ಟಾರ್ ರೋಡ್ ಮೇಲೆ ಕಾಣುತ್ತಲ್ಲ ಹಂಗೆ. ಮೂರನೇದು ಅಪಾಯದ್ದು: ಒಳಗೆ ತೋಟಾ ಕೂತೇ ಇದ್ರೆ ಟ್ರಿಗರ್ ಒತ್ತದೆ ಇದ್ರೂ ನಳಿಗೆ ಬಿಸಿಗೇ ಮದ್ದು ಹತ್ಕೊಂಡು ಹಾರಿಬಿಡುತ್ತೆ. ಅದಕ್ಕೇ ಬಹಳಷ್ಟು ಎಲ್‌ಎಂಜಿಗಳು ಓಪನ್ ಬೋಲ್ಟ್, ಅಂದ್ರೆ ಹೊಡೆಯೋದು ನಿಲ್ಸಿದಾಗ ಬೋಲ್ಟ್ ಹಿಂದೆ ನಿಂತಿರುತ್ತೆ, ತೋಟಾ ಕೂರೋ ಚೇಂಬರ್ ಖಾಲಿ ಇರುತ್ತೆ, ನಳಿಗೆ ಒಳಗೆ ಗಾಳಿ ಆಡುತ್ತೆ. ಟ್ರಿಗರ್ ಒತ್ತಿದ್ಮೇಲೇ ಬೋಲ್ಟ್ ಮುಂದೆ ಬಂದು ತೋಟಾ ತಳ್ಳಿಕೊಂಡು ಹೊಡೆಯೋದು.

ಈ ಬಿಸಿ ಸಮಸ್ಯೆಗೆ ಹಳೇ ಕಾಲದ ಪರಿಹಾರ ನೀರು. ವಿಕರ್ಸ್ ಮೆಷಿನ್ ಗನ್‌ಗೆ ನಳಿಗೆ ಸುತ್ತ ಒಂದು ದಪ್ಪ ಕೊಳವೆ ಇರುತ್ತೆ, ಅದ್ರೊಳಗೆ ಸುಮಾರು 4 ಲೀಟರ್ ನೀರು, 600 ಗುಂಡು ಹೊಡೆಯೋ ಹೊತ್ತಿಗೆ ಆ ನೀರು ಅಡಿಕೆ ಬೇಯಿಸೋ ಹಂಡೆ ಥರ ಕುದಿಯೋಕೆ ಶುರು. ನೀರು ತುಂಬ್ಸ್ತಾ ಇರೋವರೆಗೂ ಗಂಟೆಗಟ್ಲೆ ಹೊಡೀಬಹುದು, ಆದ್ರೆ ನೀರು, ಸ್ಟ್ಯಾಂಡು, ಗನ್ನು ಎಲ್ಲ ಸೇರಿದ್ರೆ ಒಬ್ಬನಿಗೆ ಎತ್ಕೊಂಡು ಓಡೋಕಾಗಲ್ಲ. ಎಲ್‌ಎಂಜೀಲಿ "ಲೈಟ್" ಅನ್ನೋದು ಇಲ್ಲಿಂದ ಬಂದಿದ್ದು. ಒಬ್ಬನೇ ಹೊತ್ಕೊಂಡ್ ಹೋಗ್ಬೇಕು ಅಂದ್ರೆ ನೀರು ಬಿಡ್ಬೇಕು, ನೀರು ಬಿಟ್ರೆ ಬಿಸಿಗೆ ಬೇರೆ ದಾರಿ ಬೇಕು. ಆ ದಾರಿ ಮೂರೇ: ನಳಿಗೆ ದಪ್ಪ ಮಾಡು, ನಳಿಗೆ ಬದಲಾಯ್ಸು, ಇಲ್ಲಾ ಕಮ್ಮಿ ಹೊಡಿ. ಯಾವುದೇ ಎಲ್‌ಎಂಜಿ ತಗೊಳ್ಳಿ, ಅದನ್ನ ಮಾಡಿದವರು ಈ ಮೂರರಲ್ಲಿ ಯಾವುದನ್ನ ಆರಿಸ್ಕೊಂಡಿದ್ರು ಅನ್ನೋದು ಅದರ ಮೈಮೇಲೆ ಬರ್ದಿರುತ್ತೆ.

ಮ್ಯಾಗಜೀನ್ ಎಲ್ಲಿದೆ, ಹೆಂಗಿದೆ

ಮ್ಯಾಗಜೀನ್ ಅಂದ ತಕ್ಷಣ ನಮ್ಮಜ್ಜಿ ವಾರಪತ್ರಿಕೆ ಅಂದ್ಕೊಂಡಿದ್ರು ಪಾಪ, ಇರ್ಲಿ. ಇಲ್ಲಿ ಮ್ಯಾಗಜೀನ್ ಅಂದ್ರೆ ಗುಂಡು ತುಂಬಿ ಗನ್‌ಗೆ ಸಿಕ್ಕಿಸೋ ಡಬ್ಬಿ. ಗನ್ ಮುಂದೆ ನಿಂತು ಮೊದ್ಲು ನೋಡ್ಬೇಕಾದ್ದು ಅದು ಮೇಲಿದ್ಯಾ, ಕೆಳಗಿದ್ಯಾ, ಪಕ್ಕದಲ್ಲಿದ್ಯಾ ಅಂತ.

ಮೇಲೆ ಇದ್ರೆ ಬಹುಶಃ ಬ್ರೆನ್ ಅಥವಾ ಅದರ ಸಂಬಂಧಿಕರು. ಬ್ರೆನ್ ಹುಟ್ಟಿದ್ದು ಚೆಕ್ ದೇಶದ ಜೆಡ್‌ಬಿ 26 ಅನ್ನೋ ಗನ್‌ನಿಂದ, ಬ್ರ್ನೋ ಊರಿನ "ಬ್ರ್" ಮತ್ತೆ ಇಂಗ್ಲೆಂಡಿನ ಎನ್‌ಫೀಲ್ಡಿನ "ಎನ್" ಸೇರಿ ಬ್ರೆನ್, ಎನ್‌ಫೀಲ್ಡಲ್ಲಿ 1937ರಿಂದ ತಯಾರಾಯ್ತು. ನಮ್ಮಲ್ಲಿ ಅದಕ್ಕೂ ಮೊದ್ಲು ವಿಕರ್ಸ್-ಬರ್ಥಿಯರ್ ಅಂತ ಇತ್ತು, 1933ರಲ್ಲಿ ಆಗಿನ ಇಂಡಿಯನ್ ಆರ್ಮಿ ಒಪ್ಕೊಂಡಿದ್ದು, ಇಶಾಪುರದ ಫ್ಯಾಕ್ಟ್ರೀಲಿ ಮಾಡ್ತಿದ್ರು, ದೂರದಿಂದ ನೋಡಿದ್ರೆ ಬ್ರೆನ್ನೇ ಅನ್ಸುತ್ತೆ, ಅದಕ್ಕೂ ಮೇಲೇ ಮ್ಯಾಗಜೀನು. ಜಪಾನಿನ ಟೈಪ್ 96, ಟೈಪ್ 99 ಕೂಡ ಹಂಗೇ.

ಮೇಲೆ ಯಾಕಿಟ್ರು? ಮಲಗಿ ಹೊಡೆಯೋನಿಗೆ ಉದ್ದದ ಮ್ಯಾಗಜೀನ್ ಕೆಳಗಿದ್ರೆ ನೆಲಕ್ಕೆ ತಾಗುತ್ತೆ, ಅವನು ಎದೆ ಎತ್ಬೇಕಾಗುತ್ತೆ. ಮೇಲಿದ್ರೆ ಅವನು ನೆಲಕ್ಕೆ ಅಂಟ್ಕೊಂಡು ಮಲಗ್ಬಹುದು, ಪಕ್ಕದಲ್ಲಿರೋ ನಂಬರ್ ಟೂ ಕೈ ಚಾಚಿ ಖಾಲಿದನ್ನ ಕಿತ್ತು ಹೊಸದನ್ನ ಕೂರಿಸ್ಬಹುದು, ಹೊಡೆಯೋನು ಕಣ್ಣು ಗುರಿಯಿಂದ ತೆಗೆಯೋದೇ ಬೇಡ. ಖಾಲಿ ಕೇಸು ಕೆಳಗಡೆಯಿಂದ ಉದುರುತ್ತೆ. ಒಂದೇ ತೊಂದ್ರೆ, ನಟ್ಟನಡುವೆ ಮ್ಯಾಗಜೀನ್ ಅಡ್ಡ ಬರೋದ್ರಿಂದ ಗುರಿ ನೋಡೋ ಸೈಟ್ ಎಡಕ್ಕೆ ಸರಿದಿರುತ್ತೆ. ಬ್ರೆನ್ ಹಿಂದೆ ನಿಂತು ನೋಡಿ, ಎರಡೂ ಸೈಟು ಎಡಕ್ಕೆ ವಾಲಿರೋದು ಕಾಣುತ್ತೆ. ಮಕ್ಕಳಿಗೆ ತೋರ್ಸೋಕೆ ಇದಕ್ಕಿಂತ ಒಳ್ಳೇ ಗುರುತು ಇಲ್ಲ.

ಆಮೇಲೆ ಬಾಗು ನೋಡಿ. ಬ್ರೆನ್ನಿನ ಮ್ಯಾಗಜೀನ್ ಚೆನ್ನಾಗಿ ಬಾಗಿದ್ರೆ .303 ಇಂಚಿನ ತೋಟಾದ್ದು, ಹೆಚ್ಚುಕಮ್ಮಿ ನೇರ ಇದ್ರೆ 7.62 ಮಿಲಿಮೀಟರಿಂದು. ಕಾರಣ ಸಿಂಪಲ್. .303 ತೋಟಾದ ಬುಡದಲ್ಲಿ ಒಂದು ಅಂಚು ಹೊರಗೆ ಚಾಚಿರುತ್ತೆ, ಒಂದರ ಮೇಲೊಂದು ಇಟ್ರೆ ಬುಡದ ಕಡೆ ದಪ್ಪ, ತುದಿ ಕಡೆ ತೆಳು, ಸಹಜವಾಗೇ ಸಾಲು ಬಾಗುತ್ತೆ. ಆ ಅಂಚಿನ ಇನ್ನೊಂದು ಕಾಟ ಏನಂದ್ರೆ, ತುಂಬ್ಸೋವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಬರ್ಬೇಕು, ಹಿಂದೆ ಸಿಕ್ಕಾಕ್ಕೊಂಡ್ರೆ ಒಂದು ಮುಂದೆ ಹೋಗೋವಾಗ ಇನ್ನೊಂದನ್ನ ಎಳ್ಕೊಂಡ್ ಹೋಗಿ ಗನ್ ಜಾಮ್. 7.62 ನೇಟೋ ತೋಟಾಗೆ ಆ ಚಾಚಿದ ಅಂಚೇ ಇಲ್ಲ, ಹಂಗಾಗಿ ಆ ರಗಳೆ ಇಲ್ಲ. ಬ್ರೆನ್ನನ್ನ ಆಮೇಲೆ 7.62ಗೆ ಬದಲಾಯಿಸಿದ್ರಲ್ಲ, ಬ್ರಿಟಿಷರು ಅದನ್ನ ಎಲ್4 ಅಂದ್ರು, ನಮ್ಮವರೂ ತಮ್ಮ 7.62 ಎಲ್‌ಎಂಜಿ ಮಾಡ್ಕೊಂಡ್ರು, ದೊಡ್ಡಪ್ಪ ಹಿಡಿದಿದ್ದು ಅದೇ.

ಈಗ ಸಂಖ್ಯೆ. ಬ್ರೆನ್ ಮ್ಯಾಗಜೀನ್ ಲೆಕ್ಕಕ್ಕೆ 30, ಆದ್ರೆ ತುಂಬ್ತಿದ್ದಿದ್ದು 28. ಕೊನೇ ಎರಡು ತುರುಕಿದ್ರೆ ಒಳಗಿನ ಸ್ಪ್ರಿಂಗ್ ಪೂರ್ತಿ ಅಮುಕಿ ಹೋಗುತ್ತೆ, ತೋಟಾಗಳು ಬಿಗಿಯಾಗಿ ಒಂದಕ್ಕೊಂದು ಉಜ್ಜುತ್ತೆ, ಮೊದಲನೇ ಗುಂಡಿಗೇ ಜಾಮ್ ಆಗೋ ಚಾನ್ಸ್ ಜಾಸ್ತಿ. ಅಡಿಕೆ ಮೂಟೆ ಬಾಯಿವರೆಗೂ ಗಿಡಿದ್ರೆ ಹೊಲಿಯೋಕಾಗಲ್ವಲ್ಲ, ಒಂದು ಗೇಣು ಬಿಡ್ತೀವಲ್ಲ, ಹಂಗೆ. ಹಂಗಾಗಿ ಯಾರಾದ್ರೂ ಬ್ರೆನ್‌ದು 30 ಅಂದ್ರೆ ಸರಿ, 28 ಅಂದ್ರೆ ಇನ್ನೂ ಸರಿ.

ಆ ಬೋರ್ಡಿನ 100 ಎಲ್ಲಿಂದ ಬಂತು ಗೊತ್ತಾ? ಬ್ರೆನ್‌ಗೆ 100 ಗುಂಡಿನ ಒಂದು ತಟ್ಟೆ ಮ್ಯಾಗಜೀನ್ ಇತ್ತು, ದೋಸೆ ಹಂಚಿನ ಥರ ಮೇಲೆ ಕೂರೋದು, ಅದು ಇದ್ದಿದ್ದು ವಿಮಾನಕ್ಕೆ ಹೊಡೆಯೋಕೆ. ಆಕಾಶದಲ್ಲಿ ವಿಮಾನ ಕಾಣೋದೇ ಕೆಲವು ಸೆಕೆಂಡು, ಅಷ್ಟರಲ್ಲಿ ಮ್ಯಾಗಜೀನ್ ಬದಲಾಯಿಸ್ತಾ ಕೂರೋಕಾಗಲ್ಲ. ಬರೆದವರು ಪುಸ್ತಕ ನೋಡಿ ದೊಡ್ಡ ಸಂಖ್ಯೆ ಹಾಕಿದಾರೆ, ಟೇಬಲ್ ಮೇಲಿರೋದನ್ನ ನೋಡಿಲ್ಲ.

ತಟ್ಟೆ ಅಂದ್ರೆ ಲೂಯಿಸ್ ಗನ್ ನೆನಪಾಗ್ಬೇಕು. ಮೊದಲನೇ ಮಹಾಯುದ್ಧದ್ದು, 47 ಗುಂಡಿನ ತಟ್ಟೆ, ಇಲ್ಲಾ 97ರದ್ದು. ಮಜಾ ಏನಂದ್ರೆ ಆ ತಟ್ಟೇಲಿ ಸ್ಪ್ರಿಂಗೇ ಇಲ್ಲ, ಗನ್ನೇ ಅದನ್ನ ಒಂದೊಂದ್ ಹಲ್ಲು ತಿರುಗಿಸುತ್ತೆ. ರಷ್ಯಾದ ಡಿಪಿಗೂ 47ರ ತಟ್ಟೆ, ಅದು ಇನ್ನೂ ಅಗಲ, ಚಪ್ಪಟೆ. ಫ್ರಾನ್ಸಿನ ಶೋಷಾ ಅಂತ ಒಂದಿತ್ತು, ಅರ್ಧಚಂದ್ರದ ಆಕಾರದ 20 ಗುಂಡಿನ ಮ್ಯಾಗಜೀನು, ಎಷ್ಟು ಉಳಿದಿದೆ ಕಾಣ್ಲಿ ಅಂತ ಪಕ್ಕದಲ್ಲಿ ಕಿಟಕಿ ಬಿಟ್ಟಿದ್ರು, ಕಂದಕದ ಕೆಸರು ಆ ಕಿಟಕೀಲಿ ಒಳಗೆ ಹೋಗಿ ಗನ್ ನಿಲ್ತಿತ್ತು. ಅದನ್ನೇನಾದ್ರೂ ಆಷಾಢದಲ್ಲಿ ಆಗುಂಬೆಗೆ ತಂದಿದ್ರೆ ಒಂದು ಗುಂಡೂ ಹಾರ್ತಿರ್ಲಿಲ್ಲ. ನಮ್ಮ ದೇಶದ ಇನ್ಸಾಸ್ ಗನ್ ಮಾಡಿದವರು ಆ ಆಸೆಯನ್ನೇ ಬೇರೆ ಥರ ತೀರಿಸ್ಕೊಂಡ್ರು, ಪಾರದರ್ಶಕ ಪ್ಲಾಸ್ಟಿಕ್ ಮ್ಯಾಗಜೀನು, ಕಿಟಕಿ ಇಲ್ಲದೆ ಒಳಗಿನ ತೋಟಾ ಕಾಣುತ್ತೆ. ರೈಫಲ್‌ಗೆ 20, ಎಲ್‌ಎಂಜಿಗೆ 30.

ಕೆಳಗಡೆ ಬೆಲ್ಟು ತೂಗ್ತಿದ್ರೆ ಅಥವಾ ಡಬ್ಬಿ ನೇತಾಡ್ತಿದ್ರೆ ಅದು ಬೇರೆ ಜಾತಿ. ಬೆಲ್ಜಿಯಂನ ಮಿನಿಮಿ, ಅಮೆರಿಕದವರು ಎಂ249 ಅಂತಾರೆ, 200 ಗುಂಡಿನ ಬೆಲ್ಟ್ ಡಬ್ಬಿ. ಬೆಲ್ಟ್ ಮುಗಿದ್ರೆ ರೈಫಲ್‌ನ 30ರ ಮ್ಯಾಗಜೀನನ್ನೂ ಪಕ್ಕದ ಬಾಯಿಗೆ ಸಿಕ್ಕಿಸ್ಬಹುದು, ಕೇಳೋಕೆ ಚೆನ್ನಾಗಿದೆ, ಆದ್ರೆ ಬೆಲ್ಟ್ ಎಳೆಯೋ ಭಾರ ಇಲ್ಲದೆ ವೇಗ ಏರುತ್ತೆ, ಜಾಮೂ ಜಾಸ್ತಿ, ಅದು ಕಷ್ಟಕಾಲಕ್ಕೆ ಮಾತ್ರ.

ತೂಕ ಮರೀಬೇಡಿ. 7.62ರ 100 ಗುಂಡಿನ ಬೆಲ್ಟ್ ಅಂದ್ರೆ ಸುಮಾರು 3 ಕೆಜಿ, ಅದೇ 3 ಕೆಜೀಲಿ 5.56ರದ್ದು 200 ಬರುತ್ತೆ. ತುಂಬಿದ ಬ್ರೆನ್ ಮ್ಯಾಗಜೀನ್ ಒಂದೊಂದೂ ಕೆಜಿ ದಾಟುತ್ತೆ, ಅದಕ್ಕೇ ಆಗ ಸೆಕ್ಷನ್, ಅಂದ್ರೆ ಸಣ್ಣ ತುಕಡಿಯ ಪ್ರತಿ ರೈಫಲ್‌ಮನ್ ಚೀಲದಲ್ಲೂ ಬ್ರೆನ್ ಮ್ಯಾಗಜೀನ್ ಹಂಚಿ ಹಾಕ್ತಿದ್ರು, ಅವನ ಎದೆ ಚೀಲದ ಅಳತೇನೇ ಆ ಮ್ಯಾಗಜೀನಿಗೆ ಸರಿಯಾಗಿ ಮಾಡಿದ್ದು. ಗನ್ ಒಬ್ಬನದ್ದು, ಹೊರೆ ಎಲ್ಲರದ್ದು.

ಈಗ ನಳಿಗೆ, ಇಲ್ಲೇ ಸ್ವಲ್ಪ ಹೊತ್ತು ನಿಲ್ಲಿ

28 ಗುಂಡನ್ನ 500ರ ವೇಗದಿಂದ ಭಾಗಿಸಿ. ಮೂರೂವರೆ ಸೆಕೆಂಡೂ ಬರಲ್ಲ. ಅಕ್ಕನ ಮಗ ಇದನ್ನ ಕೇಳಿ "ಅಷ್ಟೇನಾ!" ಅಂದ. ಅಷ್ಟೇ, ಆದ್ರೆ ಯಾರೂ ಹಂಗೆ ಒಂದೇ ಸಲ ಹೊಡೆಯಲ್ಲ, ನಾಲ್ಕೈದು ಗುಂಡಿನ ಬರ್ಸ್ಟ್, ಬಿಡೋದು, ಮತ್ತೆ ಗುರಿ, ಮತ್ತೆ ಬರ್ಸ್ಟ್. ಬ್ರೆನ್‌ಗೆ ರ್ಯಾಪಿಡ್ ಫೈರ್ ಅಂದ್ರೆ ನಿಮಿಷಕ್ಕೆ ನಾಲ್ಕು ಮ್ಯಾಗಜೀನ್, ಅಂದ್ರೆ 120ರ ಆಸುಪಾಸು. ಮಾಮೂಲಿ ಅಂದ್ರೆ ನಿಮಿಷಕ್ಕೆ ಒಂದೇ ಮ್ಯಾಗಜೀನು. ರ್ಯಾಪಿಡಲ್ಲಿ ಸುಮಾರು 10 ಮ್ಯಾಗಜೀನ್ ಆದ್ಮೇಲೆ ನಳಿಗೆ ಬದಲಾಯಿಸು ಅನ್ನೋದು ಲೆಕ್ಕ, ಅಂದ್ರೆ ಎರಡೂವರೆ ನಿಮಿಷಕ್ಕೆ ಒಂದು ನಳಿಗೆ ಪೂರ್ತಿ ಬಿಸಿ.

ಇಲ್ಲಿ ಗಮನಿಸಿ, ಸಣ್ಣ ಮ್ಯಾಗಜೀನೇ ಒಂಥರಾ ಬ್ರೇಕು. 28 ಆದ್ಮೇಲೆ ನಿಲ್ಲಲೇಬೇಕು, ನಂಬರ್ ಟೂ ಬದಲಾಯಿಸೋ ಎರಡು ಮೂರು ಸೆಕೆಂಡು ನಳಿಗೆಗೆ ಉಸಿರು. 200ರ ಬೆಲ್ಟಿಗೆ ಆ ಬ್ರೇಕ್ ಇಲ್ಲ, ಹಂಗಾಗಿ ದೊಡ್ಡ ಬೆಲ್ಟ್ ಇಟ್ಟ ಗನ್‌ಗೆ ನಳಿಗೆ ಬದಲಾಯಿಸೋ ವ್ಯವಸ್ಥೆ ಇರ್ಲೇಬೇಕು, ಇಲ್ದಿದ್ರೆ ಅದು ಬರೀ ತೋರಿಕೆ. ಜರ್ಮನಿಯ ಎಂಜಿ42 ನಿಮಿಷಕ್ಕೆ 1200, ಸೆಕೆಂಡಿಗೆ 20, ಬ್ರೆನ್ ಮ್ಯಾಗಜೀನ್ ಅದಕ್ಕೆ ಹಾಕಿದ್ರೆ ಒಂದೂವರೆ ಸೆಕೆಂಡು ಬರ್ತಿತ್ತು, ಅದಕ್ಕೇ ಬೆಲ್ಟು, ಅದಕ್ಕೇ ನಳಿಗೆ ಕೆಲವೇ ಸೆಕೆಂಡಲ್ಲಿ ಬಲಗಡೆಯಿಂದ ಹೊರಗೆ ಬರೋ ಹಂಗೆ ಮಾಡಿದ್ರು.

ಹಂಗಾದ್ರೆ ಗನ್ ನೋಡಿ ನಳಿಗೆ ಬದಲಾಗುತ್ತೋ ಇಲ್ವೋ ಹೆಂಗೆ ಹೇಳೋದು? ನಳಿಗೆ ಮೇಲೆ ಹಿಡಿ ಹುಡುಕಿ. ಬ್ರೆನ್ನಲ್ಲಿ ನಳಿಗೆಗೇ ಒಂದು ಮರದ ಹಿಡಿ ಇದೆ, ಎಲ್ಲರೂ ಅದು ಎತ್ಕೊಂಡ್ ಓಡಾಡೋಕೆ ಅಂದ್ಕೋತಾರೆ, ಅದಕ್ಕೂ ಹೌದು, ಆದ್ರೆ ಅಸಲಿ ಕೆಲಸ ಬಿಸಿ ನಳಿಗೆ ಮುಟ್ಟದೆ ತೆಗೆಯೋದು. ಆಮೇಲೆ ನಳಿಗೆ ಬುಡದಲ್ಲಿ, ಮ್ಯಾಗಜೀನ್ ಮುಂದೆ, ಎಡಗಡೆ ಒಂದು ಲಿವರ್ ಇರುತ್ತೆ, ಅದಕ್ಕೆ ಬ್ಯಾರಲ್ ನಟ್ ಅಂತಾರೆ. ದೊಡ್ಡಪ್ಪ ಹೇಳೋ ಪ್ರಕಾರ ಮ್ಯಾಗಜೀನ್ ತೆಗಿ, ನಟ್ ಎತ್ತು, ಹಿಡಿ ಹಿಡ್ಕೊಂಡು ನಳಿಗೆ ಮುಂದಕ್ಕೆ ತಳ್ಳು, ಬಿಸೀದು ಆಚೆ, ತಣ್ಣಗಿರೋದು ಒಳಗೆ, ನಟ್ ಇಳ್ಸು, ಮುಗೀತು. ಅವರು ಇದನ್ನ ಹೇಳ್ತಾ ಜಗಲೀಲಿ ಕೂತು ಕೈಯಲ್ಲಿದ್ದ ಊರುಗೋಲನ್ನೇ ನಳಿಗೆ ಮಾಡ್ಕೊಂಡು ತೋರ್ಸಿದ್ರು, ಎಡಗೈ ಮೇಲೆ, ಬಲಗೈ ಮುಂದೆ, ಮೂವತ್ತು ವರ್ಷದ ಮೇಲೂ ಕೈ ಒಂಚೂರೂ ತಪ್ಪಲಿಲ್ಲ, ಮೊನ್ನೆ ಮೊನ್ನೆ ಕನ್ನಡಕ ಎಲ್ಲಿಟ್ಟೆ ಅಂತ ಇಡೀ ಮನೆ ಹುಡುಕ್ಸಿದವರು.

ಅಡಿಕೆ ಕೊನೆ ತೆಗೆಯೋವಾಗ ಮರದ ಮೇಲೆ ಕೊನೆಗಾರ ಇರ್ತಾನೆ, ಕೆಳಗೆ ಹಗ್ಗ ಹಿಡಿಯೋನು ಇರ್ತಾನೆ. ಹೆಸರೆಲ್ಲ ಮೇಲಿನವನಿಗೆ, ಆದ್ರೆ ಹಗ್ಗ ಹಿಡಿಯೋನು ಸರಿ ಇಲ್ದಿದ್ರೆ ಗೊನೆ ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿ. ನಂಬರ್ ಟೂ ಅಂದ್ರೆ ಆ ಹಗ್ಗ ಹಿಡಿಯೋನು. ಮ್ಯಾಗಜೀನ್ ಕೊಡೋದು, ಎಷ್ಟಾಯ್ತು ಅಂತ ಮನಸಲ್ಲೇ ಲೆಕ್ಕ ಇಡೋದು, ನಳಿಗೆ ಬದಲಾಯಿಸೋದು, ಸುಮಾರು 3 ಕೆಜಿ ತೂಕದ ಇನ್ನೊಂದು ನಳಿಗೆ ಹೊತ್ಕೊಂಡ್ ಬರೋದು ಎಲ್ಲ ಅವನದ್ದೇ.

ಒಂದು ಸೂಕ್ಷ್ಮ ಇದೆ, ಇದನ್ನ ಹೆಚ್ಚಿನವರು ನೋಡಲ್ಲ. ಬ್ರೆನ್ ನಳಿಗೆ ಜೊತೆಗೆ ಎರಡು ವಸ್ತು ಹೋಗುತ್ತೆ, ಒಂದು ಮುಂದಿನ ಸೈಟು, ಇನ್ನೊಂದು ಗ್ಯಾಸ್ ರೆಗ್ಯುಲೇಟರ್, ಅಂದ್ರೆ ಗನ್ ಓಡಿಸೋಕೆ ಮದ್ದಿನ ಹೊಗೆ ಎಷ್ಟು ಬರ್ಬೇಕು ಅಂತ ಹಿಡಿತ ಮಾಡೋದು. ಮುಂದಿನ ಸೈಟ್ ನಳಿಗೆ ಮೇಲೇ ಇರೋದ್ರಿಂದ ನಳಿಗೆ ಬದಲಾದ್ರೆ ಗುರಿಯೂ ಕೂದಲೆಳೆಯಷ್ಟು ಬದಲಾಗ್ಬಹುದು, ಹಂಗಾಗಿ ಎರಡೂ ನಳಿಗೆಯನ್ನ ಅದೇ ಗನ್‌ಗೆ ಹಾಕಿ ಬೇರೆ ಬೇರೆಯಾಗಿ ಝೀರೋ ಮಾಡಿ, ಅಂದ್ರೆ ಗುರಿ ಹೊಂದಿಸಿ, ಇಟ್ಕೊಂಡಿರ್ಬೇಕು. ಗ್ಯಾಸ್ ರೆಗ್ಯುಲೇಟರಲ್ಲಿ ಬೇರೆ ಬೇರೆ ಅಳತೆಯ ನಾಲ್ಕು ತೂತು, ಗನ್ ಮಸಿ ಹಿಡಿದು ನಿಧಾನ ಆದಾಗ ದೊಡ್ಡ ತೂತಿಗೆ ತಿರುಗಿಸೋದು. ಹೊಸ ನಳಿಗೆ ಹಾಕೋ ಮೊದ್ಲೇ ಅದರ ತೂತು ಸರಿಯಾದ ನಂಬರಿಗೆ ಇಟ್ಟಿರ್ಬೇಕು, ಇಲ್ದಿದ್ರೆ ತಣ್ಣಗಿರೋ ನಳಿಗೆ ಹಾಕಿದ್ಮೇಲೆ ಗನ್ ಒಂದೊಂದೇ ಹೊಡೆದು ನಿಲ್ಲುತ್ತೆ. ಬದಲಿ ನಳಿಗೆ ಅಂದ್ರೆ ಬರೀ ಪೈಪ್ ಅಲ್ಲ ಅನ್ನೋದು ಇದಕ್ಕೇ.

ಹಿಡಿ ಮರೆತ್ರೆ ಏನಾಗುತ್ತೆ ಅಂತ ನೋಡ್ಬೇಕಂದ್ರೆ ಅಮೆರಿಕದ ಹಳೇ ಎಂ60 ನೋಡಿ. ನಳಿಗೆ ಬದಲಾಗುತ್ತೆ, ಆದ್ರೆ ಶುರುವಿನ ಮಾಡೆಲ್‌ನಲ್ಲಿ ನಳಿಗೆಗೆ ಹಿಡಿ ಇಲ್ಲ, ಮೇಲಿಂದ ಬೈಪಾಡು ಅನ್ನೋ ಎರಡು ಕಾಲಿನ ಸ್ಟ್ಯಾಂಡೂ ಗ್ಯಾಸ್ ಸಿಲಿಂಡರೂ ನಳಿಗೆಗೇ ಅಂಟಿಸಿದ್ರು. ಅಂದ್ರೆ ನಳಿಗೆ ತೆಗೆದ ಕೂಡ್ಲೇ ಗನ್‌ಗೆ ಕಾಲಿಲ್ಲ, ಯಾರಾದ್ರೂ ಅದನ್ನ ಎತ್ತಿ ಹಿಡ್ಕೋಬೇಕು, ಇನ್ನೊಬ್ಬ ಕಲ್ನಾರಿನ ಕೈಗವಸು ಹಾಕ್ಕೊಂಡು ಕೆಂಡದಂಥ ನಳಿಗೆ ಎಳೀಬೇಕು, ಆ ಕೈಗವಸು ಕತ್ತಲೇಲಿ ಕಾಡಲ್ಲಿ ಎಲ್ಲೋ ಬಿದ್ದೋದ್ರೆ ಕಥೆ ಮುಗೀತು. ಹಂಡೆಗೆ ಕಿವಿ ಇಡದೆ ಮಾಡಿದ ಹಂಗೆ. ಇಪ್ಪತ್ತು ವರ್ಷ ಮೊದ್ಲು ಮಾಡಿದ ಬ್ರೆನ್ನಲ್ಲಿ ಇದ್ದ ಒಂದು ಮರದ ತುಂಡು ಇದ್ರಲ್ಲಿ ಇಲ್ಲ.

ದಪ್ಪ ನಳಿಗೆಯವರ ವಾದ

ಎಲ್ಲರೂ ಬದಲಾಯಿಸೋ ದಾರಿ ಹಿಡೀಲಿಲ್ಲ. ಲೂಯಿಸ್ ನಳಿಗೆ ಸುತ್ತ ಅಲ್ಯೂಮಿನಿಯಂ ರೆಕ್ಕೆ, ಅದರ ಮೇಲೆ ದಪ್ಪ ಕವಚ, ಗಾಳಿ ಎಳ್ಕೊಳ್ಳುತ್ತೆ ಅನ್ನೋ ಲೆಕ್ಕ. ಅಮೆರಿಕದ ಬಿಎಆರ್, 20ರ ಮ್ಯಾಗಜೀನು, ಫಿಕ್ಸ್ ನಳಿಗೆ. ರಷ್ಯಾದ ಆರ್‌ಪಿಕೆ ಅಂದ್ರೆ ಎಕೆ ರೈಫಲ್ಲಿಗೇ ಉದ್ದ ದಪ್ಪ ನಳಿಗೆ, ಬೈಪಾಡು, 40ರ ಮ್ಯಾಗಜೀನು ಇಲ್ಲಾ 75ರ ಡ್ರಮ್ಮು, ನಳಿಗೆ ಬದಲಾಗಲ್ಲ. ಆರ್‌ಪಿಡಿ ಅಂತ ಅದಕ್ಕೂ ಮೊದಲಿಂದು ಇದೆ, 100ರ ಬೆಲ್ಟು, ಆದ್ರೂ ಫಿಕ್ಸ್ ನಳಿಗೆ, ಅದನ್ನ ನೋಡಿದಾಗ ನನಗೆ ಸಣ್ಣ ಒಲೆ ಮೇಲೆ ದೊಡ್ಡ ಹಂಡೆ ಇಟ್ಟ ಹಂಗೆ ಕಾಣುತ್ತೆ. ನಮ್ಮ ಇನ್ಸಾಸ್ ಎಲ್‌ಎಂಜಿಯೂ ಈ ಮನೆತನದ್ದೇ, ರೈಫಲ್ಲಿಗಿಂತ ಉದ್ದ, ಭಾರದ ನಳಿಗೆ. ಬ್ರಿಟಿಷರು ಬ್ರೆನ್ ಜಾಗಕ್ಕೆ ಎಲ್86 ಅಂತ ತಂದ್ರು, 30ರ ಮ್ಯಾಗಜೀನು, ಬದಲಾಗದ ನಳಿಗೆ, ಒಂದೊಂದೇ ಗುಂಡಿಗೆ ಗುರಿ ಚೆನ್ನಾಗಿತ್ತು, ಆದ್ರೆ ಸತತ ಹೊಡೆಯೋ ಕೆಲಸಕ್ಕೆ ಆಗ್ಲಿಲ್ಲ, ಕೊನೆಗೆ ಮಿನಿಮಿ ತರ್ಬೇಕಾಯ್ತು.

ಇದನ್ನ ಓದಿ ಫಿಕ್ಸ್ ನಳಿಗೆ ಅಂದ್ರೆ ದಡ್ಡತನ ಅಂದ್ಕೋಬೇಡಿ. ಅಮೆರಿಕದ ಮರೀನ್‌ಗಳು ಉಲ್ಟಾ ದಿಕ್ಕಲ್ಲಿ ಹೋದ್ರು, ಬೆಲ್ಟಿನ ಎಂ249 ಕಮ್ಮಿ ಮಾಡಿ ಎಂ27 ತಗೊಂಡ್ರು, ಅದೂ 30ರ ಮ್ಯಾಗಜೀನು ಫಿಕ್ಸ್ ನಳಿಗೇನೇ. ಅವರ ವಾದ, ಹಗುರ ಇರ್ಲಿ, ಗುರಿ ಸರಿ ಇರ್ಲಿ, ಸುಮ್ನೆ ಜಾಸ್ತಿ ಹೊಡೆಯೋದು ಬೇಡ ಅಂತ. ಇದು ಮೂರನೇ ದಾರಿ, ಕಮ್ಮಿ ಹೊಡಿ ಅನ್ನೋದು. ನನಗೆ ಇನ್ನೂ ಬ್ರೆನ್ ಕಡೆನೇ ಮನಸ್ಸು, ದೊಡ್ಡಪ್ಪನ ಪ್ರಭಾವ ಇರ್ಬಹುದು.

ಇನ್ನೊಂದು ಮಧ್ಯದ ದಾರಿ ಲೋಹದ್ದು. ಬ್ರೆನ್ನಿನ ಎಲ್4ಎ4 ಅನ್ನೋ 7.62 ಮಾಡೆಲ್‌ಗೆ ನಳಿಗೆ ಒಳಗೆ ಕ್ರೋಮ್ ಲೇಪ ಕೊಟ್ರು, ಸವೆತ ಎಷ್ಟು ಕಮ್ಮಿ ಆಯ್ತು ಅಂದ್ರೆ ಜೊತೆಗೆ ಎರಡನೇ ನಳಿಗೆ ಕೊಡೋದನ್ನೇ ನಿಲ್ಸಿದ್ರು. ಹಿಡಿ ಇದೆ, ನಟ್ ಇದೆ, ಬದಲಾಯಿಸೋಕೆ ನಳಿಗೆ ಇಲ್ಲ.

ಬದಲಾಗೋ ನಳಿಗೆ ಅಂದ್ರೆ ಬಿಸಿಗೆ ಮಾತ್ರ ಅಲ್ಲ ಅನ್ನೋದೂ ತಿಳ್ಕೊಳ್ಳಿ. ಆಸ್ಟ್ರಿಯಾದ ಸ್ಟೈರ್ ಎಯುಜಿಗೆ ಬೇರೆ ಬೇರೆ ಉದ್ದದ ನಳಿಗೆ ಬರುತ್ತೆ, 621 ಮಿಲಿಮೀಟರಿನ ಭಾರದ್ದು ಹಾಕಿ 42ರ ಮ್ಯಾಗಜೀನ್ ಕೊಟ್ರೆ ರೈಫಲ್ಲೇ ಎಲ್‌ಎಂಜಿ. ಇದು ಪಾತ್ರ ಬದಲಾಯಿಸೋಕೆ, ನಮ್ ಯಕ್ಷಗಾನ ಮೇಳದಲ್ಲಿ ಒಬ್ಬನೇ ಎರಡು ವೇಷ ಕಟ್ಟೋ ಹಂಗೆ. ಬ್ರೆನ್‌ದು ಅದೇ ವೇಷಕ್ಕೆ ಎರಡನೇ ಆಳು.

ಎಂಎಂಜಿ ಮತ್ತೆ ನೆಗೆವ್

ಪ್ರದರ್ಶನದಲ್ಲಿ ಎಲ್‌ಎಂಜಿ ಪಕ್ಕ ಎಂಎಂಜಿ, ಅಂದ್ರೆ ಮೀಡಿಯಂ ಮೆಷಿನ್ ಗನ್, ಇಟ್ಟಿರ್ತಾರೆ, ನಮ್ಮಲ್ಲಿ ಅದು ಬೆಲ್ಜಿಯಂನ ಮ್ಯಾಗ್ ಗನ್. ಅದೇ ಗನ್ನಿಗೆ ಅಮೆರಿಕನ್ ಮ್ಯಾನುಯಲ್ ಹೇಳೋ ಲೆಕ್ಕ ನೋಡಿ: ನಿಮಿಷಕ್ಕೆ 100ರ ಹಂಗೆ ಬಿಟ್ಟು ಬಿಟ್ಟು ಹೊಡೆದ್ರೆ 10 ನಿಮಿಷಕ್ಕೊಂದು ನಳಿಗೆ, 200ರ ಹಂಗೆ ಹೊಡೆದ್ರೆ 2 ನಿಮಿಷಕ್ಕೆ, ಬಿಡದೆ ಒತ್ತಿ ಹಿಡಿದ್ರೆ ನಿಮಿಷಕ್ಕೇ ಬದಲಾಯಿಸ್ಬೇಕು. ವೇಗ ಎರಡು ಪಟ್ಟು ಆದ್ರೆ ನಳಿಗೆ ಆಯಸ್ಸು ಐದನೇ ಒಂದು ಭಾಗಕ್ಕೆ ಇಳಿಯುತ್ತೆ. ಬಿಸಿ ಅನ್ನೋದು ಸರಳ ಲೆಕ್ಕದಲ್ಲಿ ಏರಲ್ಲ, ಒಲೆಗೆ ಒಣಸೋಗೆ ತುರುಕಿದ ಹಂಗೆ ಒಂದೇ ಸಲ ಏರುತ್ತೆ.

ಸೇನೆ ಈಗ ಇಸ್ರೇಲಿನ ನೆಗೆವ್ ಎನ್‌ಜಿ-7 ತಗೊಂಡಿದೆ, 2020ರ ಮಾರ್ಚ್‌ನಲ್ಲಿ 16,479 ಗನ್‌ಗೆ ಒಪ್ಪಂದ ಆಯ್ತು, 7.62, ಬೆಲ್ಟು, ಬೇಗ ಬದಲಾಗೋ ನಳಿಗೆ, ಸುಮಾರು 8 ಕೆಜಿ. 5.56 ಇನ್ಸಾಸ್ ಎಲ್‌ಎಂಜಿ ಜೊತೆ ಪಕ್ಕಪಕ್ಕ ಸಿಕ್ರೆ ಇಬ್ಬರ ಲೆಕ್ಕಾಚಾರ ಎಷ್ಟು ಬೇರೆ ಅಂತ ಕಣ್ಣಿಗೇ ಕಾಣುತ್ತೆ.

ಹೋಗೋದಾದ್ರೆ

ಮಡಿಕೇರಿಗೆ ಹೋದ್ರೆ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ, 2021ರ ಫೆಬ್ರವರೀಲಿ ಉದ್ಘಾಟನೆ ಆಗಿದ್ದು, ಒಂದು ಬೆಳಗ್ಗೆ ಅದಕ್ಕೇ ಇಟ್ಕೊಳ್ಳಿ. ಯಾವ ಮ್ಯೂಸಿಯಮ್ಮೇ ಆಗ್ಲಿ, ಗನ್ ಸಿಕ್ರೆ ಎದುರಿಗೆ ನಿಂತು ಸೆಲ್ಫಿ ತೆಗೆಯೋದು ಆಮೇಲೆ, ಮೊದ್ಲು ಎಡಗಡೆ ಹೋಗಿ, ಸ್ವಲ್ಪ ಹಿಂದೆ ಬಗ್ಗಿ ನೋಡಿ, ಮೇಲಿನ ಮ್ಯಾಗಜೀನಿನ ಬ್ರೆನ್ನಾದ್ರೆ ನಟ್ಟೂ ಸೈಟೂ ಎರಡೂ ಆ ಕಡೆಯಿಂದಲೇ ಕಾಣೋದು. ಪ್ರದರ್ಶನದ ಗನ್‌ಗಳನ್ನ ಸಾಮಾನ್ಯವಾಗಿ ನಿಷ್ಕ್ರಿಯ ಮಾಡಿರ್ತಾರೆ, ನಳಿಗೇಲಿ ತೂತು ಕೊರೆದೋ ವೆಲ್ಡ್ ಮಾಡಿಯೋ, ಆ ತೂತು ನೋಡಿ ಇದೂ ಗಾಳಿ ಆಡೋಕಾ ಅಂತ ಕೇಳ್ಬೇಡಿ, ನಾನು ಕೇಳಿ ಅಲ್ಲಿದ್ದ ಜವಾನನ ಹತ್ರ ನಗೆಪಾಟಲಾದೆ. ಮುಟ್ಟೋಕೆ ಮುಂಚೆ ಕೇಳಿ, ಬೇಡ ಅಂದ್ರೆ ಬಿಡಿ. ಬೋರ್ಡಿನ ಸಂಖ್ಯೆಯನ್ನ ಗನ್ ಮೇಲೆ ಕೂತಿರೋ ಮ್ಯಾಗಜೀನಿಗೆ ಹೋಲಿಸಿ ನೋಡಿ, ಹೊಂದದಿದ್ರೆ ಗನ್ನನ್ನೇ ನಂಬಿ.

ಆವತ್ತಿನ ಬ್ರೆನ್ ಫೋಟೋ ದೊಡ್ಡಪ್ಪನಿಗೆ ಮೊಬೈಲಲ್ಲಿ ತೋರ್ಸಿದೆ. ಅವರು ಕನ್ನಡಕ ಹಣೆ ಮೇಲೆ ಏರ್ಸಿ, ಎರಡು ಬೆರಳಲ್ಲಿ ದೊಡ್ಡ ಮಾಡಿ, ಮ್ಯಾಗಜೀನೂ ನೋಡ್ಲಿಲ್ಲ ಬೋರ್ಡೂ ನೋಡ್ಲಿಲ್ಲ, ಸೀದಾ ನಳಿಗೆ ಬುಡಕ್ಕೆ ಹೋದ್ರು. "ನಟ್ ಅರ್ಧಕ್ಕೇ ನಿಲ್ಸಿದಾರೆ ನೋಡು, ಪೂರ್ತಿ ಇಳ್ದಿಲ್ಲ. ಯಾವನೋ ಅದು ನಂಬರ್ ಟೂ?" ಅಂದ್ರು.